ಹಂಸದ ಕಾಲಿನ ಹಳದಿ ಪಟ್ಟಿ

ಗ್ರೀಕ್ ದೇವಲೋಕದ ದೊರೆ, ಸಿಡಿಲಿನ ಒಡೆಯ ಅಪ್ಪನವರಿಗೆ, ಭೂಮಿಯಲ್ಲಿ ಕೊರಿಯರ್ ಹಂಚುವ ಮಗನ ನಮಸ್ಕಾರಗಳು.

ಇದನ್ನು ನಿಮ್ಮ ಪಟ್ಟದರಸಿ ದೊಡ್ಡಮ್ಮನ ಎದುರು ಓದಬೇಡಿ.

ಇಲ್ಲಿನ ಪಶುವೈದ್ಯೆಯೊಬ್ಬರಿಗೆ ಮನಸೋತೆ. ಪಾರ್ಸೆಲ್ ಕೊಡುವಾಗ "ಸಹಿ ಹಾಕಿ" ಅನ್ನುವುದರಾಚೆಗೆ ನನಗೆ ಬಾಯೇ ಬರಲಿಲ್ಲ. ಕೊನೆಗೆ, ರೂಪ ಬದಲಿಸಿ ಹೆಂಗಸರ ಹತ್ತಿರ ಸುಳಿಯುವ ನಿಮ್ಮ ಹಳೆಯ ಉಪಾಯವನ್ನೇ ಹಿಡಿದು, ಹಂಸವಾಗಿ ಅವರ ಬಾಗಿಲಲ್ಲಿ ಕುಳಿತೆ. ಅವರು ಕೊಕ್ಕು ಅಗಲಿಸಿ ಜಂತುಹುಳುವಿನ ಔಷಧಿ ಸುರಿದರು, ಕಾಲಿಗೆ ಗುರುತಿನ ಹಳದಿ ಪಟ್ಟಿ ಬಿಗಿದರು. ಆಮೇಲೆ ಪಕ್ಕದಲ್ಲಿ ಕುಳಿತು, ಯಾರಿಗೂ ಹೇಳದ ತಮ್ಮ ಒಂಟಿತನವನ್ನೆಲ್ಲ ಹಕ್ಕಿಯ ಮುಂದೆ ಹೇಳಿಕೊಂಡು ಅತ್ತರು. ಆಗಲೇ ಎದ್ದು ಹೋಗಬೇಕಿತ್ತು ನಾನು. ಹೋಗಲಿಲ್ಲ.

ಮತ್ತೆ ಮನುಷ್ಯ ರೂಪಕ್ಕೆ ಬಂದರೂ ಆ ಪಟ್ಟಿ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಇವತ್ತು ಪಾರ್ಸೆಲ್ ಕೊಡಲು ಬಗ್ಗಿದಾಗ ಪ್ಯಾಂಟಿನ ಕೆಳಗಿಂದ ಅವರ ಕಣ್ಣಿಗೆ ಬಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಂದೆಲ್ಲ ಕೇಳಿಸ್ಕೊಂಡ್ರಲ್ಲ," ಎಂದರು. "ನಾಳೆ ಮನುಷ್ಯರ ಹಾಗೆ ಬಂದು ನಿಮ್ದೂ ಹೇಳಿ."

ಹೋಗುತ್ತೇನೆ. ಒಂದು ಒಳ್ಳೆಯ ಅಂಗಿ ಕಳಿಸಿ. ನಾಳೆ ಸಿಡಿಲು ಗಿಡಿಲು ಬೇಡ. ಮತ್ತೆ ಅಪ್ಪಾ, ಕೈ ಮುಗಿದು ಕೇಳುತ್ತೇನೆ, ನೀವು ಮಾತ್ರ ಯಾವ ರೂಪದಲ್ಲೂ ಈ ಕಡೆ ಸುಳಿಯಬೇಡಿ.

ಇಂತಿ,
ನಿಮ್ಮ ಹಾಗೆ ಆಗಬಾರದು ಅಂದುಕೊಂಡಿದ್ದ ಮಗ