ಮೆರವಣಿಗೆ ತಿಂದ ಕ್ಲಚ್

21 ನವೆಂಬರ್ 1998, ಶನಿವಾರ

ಒಂದು ವಾರದಿಂದ ಪೆಟ್ರೋಲ್ ಬಂಕಿನವನನ್ನ ಬೈದಿದ್ದೇ ಬೈದಿದ್ದು, ಕಲಬೆರಕೆ ಕಳ್ಳ ಅಂತ. ನಮ್ಮ ಕೂಲಿಕಾರರ ಸಂಘದ ಹಳೇ ಫಿಯಟ್ಟು ಆಕ್ಸಿಲರೇಟರ್ ತುಳಿದರೆ ಅರಚುತ್ತೆ, ಮುಂದಕ್ಕೆ ಮಾತ್ರ ಹೋಗಲ್ಲ. ನಾಳೆ ಲಿಂಗರಾಜಪುರದಲ್ಲಿ ಮೆರವಣಿಗೆ, ಕೂಲಿಯವರ ಬಾಡಿಗೆ ಕೋಣೆಗಳಿಗೆ ನಲ್ಲಿ ಕೇಳೋಕೆ. ಮೈಕು, ಬ್ಯಾಟರಿ ಎಲ್ಲ ಈ ಕಾರಲ್ಲೇ.

ಶಿವಾಜಿನಗರದ ಮೆಕ್ಯಾನಿಕ್ ಜಬ್ಬಾರ್ ಭಾಯ್ ನನ್ನ ಬಂಕಿನ ದೂರೆಲ್ಲ ಕೇಳಿಸ್ಕೊಂಡರು, ಬಾನೆಟ್ ಮಾತ್ರ ಎತ್ತಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟರು. ಕ್ಲಚ್ ಸರಿಯಿದ್ದಿದ್ರೆ ಇಂಜಿನ್ ಆಫ್ ಆಗಬೇಕಿತ್ತು. ಆರಾಮಾಗಿ ಓಡ್ತಾನೇ ಇತ್ತು.

"ಕ್ಲಚ್ ಪ್ಲೇಟ್ ಸವೆದೋಗಿದೆ ಸಾಬ್. ಅರ್ಧ ಕ್ಲಚ್ ತುಳಿದೇ ಓಡಿಸ್ತೀರಾ?"

"ಮೆರವಣಿಗೆ ಮುಂದೆ ನಡಿಗೆ ಸ್ಪೀಡಲ್ಲೇ ಹೋಗ್ಬೇಕಲ್ಲ ಭಾಯ್. ಆರು ವರ್ಷದಿಂದ ಹಂಗೇ."

"ಹಂಗಾದ್ರೆ ಕಳ್ಳ ಬಂಕಲ್ಲಿಲ್ಲ, ಸೀಟಲ್ಲಿದಾನೆ."

ನಕ್ಕುಬಿಟ್ಟೆ. ಹೊಸ ಪ್ಲೇಟ್ ಸಿಗೋದು ಸೋಮವಾರ.

ಸಂಜೆ ಗಾರೆ ಕೆಲಸದ ಭೀಮಬಾಯಿ ದಾರಿ ತೋರಿಸಿದರು. "ಇಂಜಿನ್ ಯಾಕ್ ಬೇಕ್ರೀ? ನಾವ್ ಹತ್ತ್ ಮಂದಿ ದಬ್ಬತೀವಿ. ನೀವ್ ಒಳಗ ಕುಂದರ್ರಿ."

ಸ್ವಾಮಿಗಳನ್ನ ಜನರ ಹೆಗಲ ಮೇಲೆ ಮೆರೆಸೋ ಅಡ್ಡಪಲ್ಲಕ್ಕಿ ವಿರುದ್ಧ ಮೂರು ಕರಪತ್ರ ಬರೆದವನು ನಾನು. ದುಡಿಯೋರು ದಬ್ಬಬೇಕು, ನಾನು ಕೂತಿರಬೇಕು ಅಂದರೆ ಆ ಮೂರನ್ನೂ ನುಂಗಬೇಕಾಗುತ್ತೆ. ಕೂರಲ್ಲ ಅಂದೆ. ನಾಳೆ ಸ್ಟೇರಿಂಗ್ ಹಿಡಿಯೋದು ಭೀಮಬಾಯಿ, ಉಳಿದವರ ಜೊತೆ ದಬ್ಬೋದು ನಾನು.

ಗಲ್ಲಿಯಲ್ಲಿ ಹಿಂದಿನಿಂದ ದಬ್ಬುತ್ತಾ ಅರ್ಧ ಗಂಟೆ ಅವರಿಗೆ ಸ್ಟೇರಿಂಗ್ ಕಲಿಸಿದೆ. ಎರಡು ಸಲ ಚರಂಡಿ ತಪ್ಪಿಸಿದರು, ಮೂರನೇ ಸಲ ಇಳಿಸಿದರು. "ಜೋರ್ ದಬ್ಬರಿ ಸರ, ಭಾಷಣದಾಗಿನ ಜೋರ್ ಎಲ್ಲಿ ಹೋತು?"

ಸೊಂಟ ಹಿಡ್ಕೊಂಡಿದೆ. ನಾಳೆ ಮೆರವಣಿಗೆ ದಾರಿಯಲ್ಲೇ ಆ ಬಂಕು ಬರುತ್ತೆ. ಕಳ್ಳ ಅಂದಿದ್ದಕ್ಕೆ ಮೈಕಲ್ಲೇ ಕ್ಷಮೆ ಕೇಳ್ಬೇಕು, ಅಷ್ಟೊತ್ತಿಗೆ ಉಸಿರು ಉಳಿದಿದ್ರೆ...