ಒಡೆದ ಹದಿನಾಲ್ಕು ಪಂಪುಗಳು

ಪ್ರೀತಿಯ ಅತ್ತೆ,

ಹೊಸದನ್ನು ಕಂಡುಹಿಡಿಯಲು ಹೊರಟ ನಮ್ಮಂಥ ಪರದೇಶದವರಿಗೂ ಇಲ್ಲಿ ತೆರಿಗೆ ರಿಯಾಯಿತಿ ಉಂಟು. ಅದು ಸಿಗದಿದ್ದರೆ ನಿಮ್ಮ ಮಗನ ವರ್ಕ್‌ಶಾಪಿಗೆ ಬೀಗವೇ ಗತಿ. ನಿನ್ನೆ ತೆರಿಗೆ ಆಫೀಸರಮ್ಮ ಬರುತ್ತಾರೆಂದು ಇವರು ಹೊಸ ಬಗೆಯ ಪಂಪು ಮಾಡಿ ನೋಡುವಾಗ ಒಡೆದವನ್ನೆಲ್ಲ ನಾನು ಕಸದ ತೊಟ್ಟಿಗೆ ಹಾಕಿ, ನೆಲ ಒರೆಸಿ, ಚೆನ್ನಾಗಿರುವ ಒಂದನ್ನು ಮಾತ್ರ ಮೇಜಿನ ಮೇಲಿಟ್ಟೆ. ಆಕೆ ಸುತ್ತ ನೋಡಿ, "ಕೆಟ್ಟಿದ್ದೆಲ್ಲ ಎಲ್ಲಿ ಹೋಯ್ತಮ್ಮ? ಪ್ರಯೋಗ ಮಾಡಿದ್ದಕ್ಕೆ ಅದೇ ಅಲ್ವಾ ಸಾಕ್ಷಿ?" ಅಂದರು. ತೊಟ್ಟಿಗೆ ಓಡಿ ಎಲ್ಲವನ್ನೂ ಹೊತ್ತು ತಂದೆ. ಆಕೆ ನೆಲದ ಮೇಲೇ ಕೂತು, ಹದಿನಾಲ್ಕನ್ನೂ ಹಸುಗೂಸಿನಂತೆ ಎತ್ತಿಕೊಂಡು, ಒಂದೊಂದು ಹೇಗೆ ಒಡೆಯಿತೆಂದು ಕೇಳಿ ಬರೆದುಕೊಂಡರು. ತೆರಿಗೆಯವರು ಇಷ್ಟು ಮೆಲ್ಲಗೆ ಏನನ್ನಾದರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ರಿಯಾಯಿತಿಗೆ ಅಲ್ಲೇ ಸಹಿ ಬಿತ್ತು. ನಿಮ್ಮ ಮಗನ ಕೆಮ್ಮು ವಾಸಿಯಾಗಿದೆ. ಇವರು ಚಿಕ್ಕಂದಿನಲ್ಲಿ ಬಿಚ್ಚಿ ಹಾಳುಮಾಡಿದ ನಿಮ್ಮ ಮಿಕ್ಸಿಯನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಕಾರ್ಡು ತುಂಬಿತು,
ನಿಮ್ಮ ಸೊಸೆ