ಗೇಣು ದೂರದ ಕಣ್ಣು

ನವೆಂಬರ್ ೧೨, ಭಾನುವಾರ

ನನ್ನ ಹಠಮಾರಿ ಅಮ್ಮನಿಗೆ,

ನಿನಗೆ ಅನ್ಯಾಯವಾಗಿದೆ. ನಿನ್ನ ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿದವರು, ಆ ಕಣ್ಣು ಏನು ಕೆಲಸ ಮಾಡಿ ಬದುಕುತ್ತದೆ ಎಂದು ಒಂದು ಮಾತು ಕೇಳಲಿಲ್ಲ. ಗೋಡೆಯ ಮೇಲಿನ ಕೊನೆಯ ಸಾಲು ನೀನು ಓದಿದೆ, ಅವರು ಭೇಷ್ ಅಂದರು. ಈಗ ನಿನಗೆ ಎದುರುಮನೆ ತಾರಸಿಯ ಪಾರಿವಾಳ ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೂತು, ಹರಿದ ಬಟ್ಟೆಗೆ ಎಳೆಗೆ ಎಳೆ ಸೇರಿಸಿ ರಫೂ ಮಾಡುವವಳಿಗೆ ಪಾರಿವಾಳ ಕಟ್ಟಿಕೊಂಡು ಏನಾಗಬೇಕು?

ಫೋನಿನಲ್ಲಿ ಕೇಳಿದರೆ "ಎಲ್ಲಾ ಚೆನ್ನಾಗಿದೆ ಕಣೇ, ಊಟ ಆಯ್ತಾ" ಅಂತ ತೇಲಿಸಿಬಿಡುತ್ತೀ. ಅದಕ್ಕೇ ಈ ಕಾಗದ. ಚಿಕ್ಕಮ್ಮ ಎಲ್ಲ ಹೇಳಿದಳು, ಅವಳ ಮೇಲೆ ರೇಗಬೇಡ. ಹಿಂದೆ ನೀನೇ ರಫೂ ಮಾಡಿದ್ದ ಕರಿ ಪ್ಯಾಂಟೊಂದು ಮತ್ತೆ ಅಂಗಡಿಗೆ ಬಂತಂತೆ. ಪೊರೆ ಇರುವ ಎಡಗಣ್ಣಿನಲ್ಲಿ ನೋಡಿದರೆ ದಾರ ಕಪ್ಪು, ಹೊಸ ಕಣ್ಣಿನಲ್ಲಿ ನೋಡಿದರೆ ಕಡುನೀಲಿ. "ಇಷ್ಟು ವರ್ಷ ಜನರ ಬಟ್ಟೆ ಕೆಡಿಸಿದ್ದೀನಿ" ಅಂತ ಕಣ್ಣೀರು ಹಾಕಿದೆಯಂತೆ. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಅಂಗಡಿಯವನಿಗೆ ಹೇಳಿ, ಎಡಗಣ್ಣಿನ ಆಪರೇಷನ್ನೂ ಬೇಡವೆಂದೆಯಂತೆ.

ಅಮ್ಮ, ಕೆಡಿಸಿದ್ದು ನೀನಲ್ಲ, ಪೊರೆ. ಪ್ರೆಸ್ಸಿನ ಕೆಲಸಕ್ಕೆ ಸೇರಿ ಕರಪತ್ರ ಓದಿ ಓದಿಯೇ ಕೆಟ್ಟಳು ಎಂದು ನೀನು ಬೈಯುವ ಮಗಳು ಈ ಸಲ ಕಣ್ಣಾಸ್ಪತ್ರೆಯ ಕರಪತ್ರಗಳನ್ನೇ ಓದಿದ್ದಾಳೆ. ಪೊರೆ ಬಲಿತಂತೆ ಹಳದಿಯಾಗುತ್ತದೆ, ಆ ಹಳದಿಯ ಮೂಲಕ ಕಡುನೀಲಿ ಕಪ್ಪಾಗಿ ಕಾಣುತ್ತದೆ. ಬಣ್ಣಕ್ಕೆ ನಿನ್ನ ಹೊಸ ಕಣ್ಣೇ ಸರಿ. ಆದರೆ ಅದರಲ್ಲಿ ಕೂರಿಸಿರುವುದು ಬಸ್ ಡ್ರೈವರಿಗೆ ಹೇಳಿ ಮಾಡಿಸಿದ ಲೆನ್ಸ್. ಓದುವ ಕನ್ನಡಕ ಹಾಕಿದರೂ ಪೇಪರ್ ಕಾಣುತ್ತದೆಯೇ ಹೊರತು ಗೇಣು ದೂರದ ಎಳೆಯಲ್ಲ.

ನಿನ್ನೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. "ನಿಮ್ಮಮ್ಮ ಎಲ್ಲದಕ್ಕೂ ಹೂಂ ಹೂಂ ಅಂದ್ರಲ್ಲಮ್ಮ" ಎಂದರು. ಕೇಳದ ಪ್ರಶ್ನೆಗೆ ಅವಳು ಇನ್ನೇನು ಹೇಳಬೇಕಿತ್ತು ಎಂದೆ. ಆಮೇಲೆ ನಿನ್ನ ಫೈಲು ತರಿಸಿ ನೋಡಿ, ಎಡಗಣ್ಣಿಗೆ ಹತ್ತಿರದ ಲೆನ್ಸ್ ಹಾಕಬಹುದು ಎಂದರು. ಎರಡು ಕಣ್ಣಿಗೆ ಎರಡು ಥರ ಇದ್ದರೆ ಕೆಲವರಿಗೆ ಒಗ್ಗುವುದಿಲ್ಲವಂತೆ, ಮೊದಲು ಕನ್ನಡಕದ ಗಾಜಿನಲ್ಲೇ ಪರೀಕ್ಷಿಸಿ ನೋಡುತ್ತಾರಂತೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವಾ ಅಂತ ನೀನು ನಗುತ್ತೀ, ಗೊತ್ತು. ಬಲಗಣ್ಣು ಬೀದಿಗೆ, ಎಡಗಣ್ಣು ಅಂಗಡಿಗೆ. ಇದು ಭೇದಭಾವವಲ್ಲಮ್ಮ, ಕೆಲಸದ ಹಂಚಿಕೆ.

ಆದರೆ ನೀನೇ ಬಾಯಿಬಿಟ್ಟು ಹೇಳಬೇಕು. ಎಷ್ಟು ದೂರ ಎಂದು ಕೇಳಿದರೆ ಸೂಜಿ ಹಿಡಿದು ತೋರಿಸು, ಅವರು ಟೇಪು ಹಿಡಿದು ಅಳೆಯಲಿ. ಹೂಂಗುಟ್ಟಿದರೆ ಅಲ್ಲೇ ನಿನ್ನ ಹತ್ತಿರವೂ ಜಗಳ ಆಡುತ್ತೇನೆ.

ಇದನ್ನು ಚಿಕ್ಕಮ್ಮನ ಕೈಲಿ ಓದಿಸಬೇಡ. ಅದಕ್ಕೇ ಅಕ್ಷರ ಇಷ್ಟು ದಪ್ಪ. ತೋಳು ಚಾಚಿ ಹಿಡಿದು ನೀನೇ ಓದು.

ನಿನ್ನ ಜಗಳಗಂಟಿ

ತಾ.ಕ.: ನನ್ನ ಕರಿ ಕೋಟಿನ ಮೊಣಕೈಯಲ್ಲೂ ನಿನ್ನ ನೀಲಿ ದಾರವಿದೆ. ನೀನು ಹೊಲಿದುಕೊಟ್ಟ ದಿನವೇ ನನಗೆ ಕಂಡಿತ್ತು. ಪ್ರೆಸ್ಸಿನಲ್ಲಿ ಯಾರಾದರೂ ಕೇಳಿದರೆ "ನಮ್ಮಮ್ಮನ ರುಜು" ಅನ್ನುತ್ತೇನೆ. ಅದನ್ನು ಬಿಚ್ಚಲು ಬೇರೆ ಯಾರ ಕೈಗೂ ಕೊಡುವುದಿಲ್ಲ. ನಾನು ಕೋಟು ತರುತ್ತೇನೆ, ನೀನು ಸೂಜಿ ಮತ್ತು ಕರಿ ದಾರ ತಾ. ಇಪ್ಪತ್ತಮೂರನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತಕ್ಕೆ, ಕಣ್ಣಾಸ್ಪತ್ರೆಯ ಗೇಟಿನ ಹತ್ತಿರ.